ವಿಯೆನ್ನಾದ ಇಳಿಜಾರು, ಬೆಂಗಳೂರಿನ ಏರು

ವಿಯೆನ್ನಾಕ್ಕೆ ಬರುವ ನಮ್ಮವರ ಪ್ರವಾಸದ ಪಟ್ಟಿ ಹೆಚ್ಚುಕಮ್ಮಿ ಒಂದೇ. ಷೋನ್‌ಬ್ರುನ್ ಅರಮನೆ, ಸಂತ ಸ್ಟೀಫನ್ನರ ದೊಡ್ಡ ಚರ್ಚು, ಒಪೆರಾ ಮುಂದೆ ಒಂದು ಫೋಟೋ, ಸಂಜೆ ಜೈಂಟ್ ವ್ಹೀಲು, ಮರುದಿನ ಸಾಲ್ಸ್‌ಬರ್ಗ್ ರೈಲು. ಹೊರಡುವ ಮೊದಲು ಒಂದು ಮಾತು ಬಂದೇ ಬರುತ್ತದೆ: ನಮ್ಮ ಬೆಂಗಳೂರು ಹೀಗಾಗುವುದು ಯಾವಾಗ? ಈ ಪ್ರಶ್ನೆಯಲ್ಲಿ ನನಗಿರುವ ತಕರಾರು ಇಷ್ಟೇ. ಹೋಲಿಕೆಗೆ ಹಿಡಿಯುವುದು ಕಟ್ಟಡಗಳನ್ನು, ಆದರೆ ಈ ಊರನ್ನು ವಾಸಕ್ಕೆ ಸುಖವಾಗಿಸಿರುವುದು ನೀರಿನ ಕೊಳವೆ, ಬಾಡಿಗೆ ಕರಾರು ಮತ್ತು ತೆರಿಗೆ ರಸೀದಿ. ಅವು ಫೋಟೋಕ್ಕೆ ಸಿಗುವುದಿಲ್ಲ.

ಮೊದಲು ನೆಲ ನೋಡೋಣ. ಆಲ್ಪ್ಸ್ ಪರ್ವತಸಾಲಿನ ಪೂರ್ವದ ತುದಿ ಮುಗಿದು ಬಯಲು ಶುರುವಾಗುವ ಕಡೆ, ಡ್ಯಾನ್ಯೂಬ್ ನದಿಯ ಬಲದಂಡೆಯಲ್ಲಿ ಹುಟ್ಟಿದ ಊರು ಇದು. ಪಶ್ಚಿಮಕ್ಕೆ ವಿಯೆನ್ನಾ ಕಾಡಿನ ಗುಡ್ಡಗಳು, ಪೂರ್ವಕ್ಕೆ ಹಂಗೇರಿಯವರೆಗೂ ಹಾಸಿದ ಸಮತಟ್ಟು ನೆಲ. ಗುಡ್ಡದಿಂದ ಹೊಳೆಯ ಕಡೆಗೆ ಊರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಗಾಳಿ ಬೀಸುವುದು ಹೆಚ್ಚಾಗಿ ಪಶ್ಚಿಮದಿಂದ. ಹಾಗಾಗಿ ಉಳ್ಳವರ ಬಂಗಲೆಗಳು ಹೀಟ್ಸಿಂಗ್, ಡ್ಯೋಬ್ಲಿಂಗ್‌ಗಳಂಥ ಪಶ್ಚಿಮದ ಬಡಾವಣೆಗಳಲ್ಲಿ ನಿಂತವು. ಇಟ್ಟಿಗೆ ಗೂಡು, ಗ್ಯಾಸ್ ಕಾರ್ಖಾನೆ, ಕೂಲಿಯವರ ಮನೆಗಳು ದಕ್ಷಿಣ ಮತ್ತು ಪೂರ್ವದ ಫಾವೊರಿಟನ್, ಸಿಮರಿಂಗ್ ಕಡೆ ಬಿದ್ದವು. ಹೊಗೆ ಯಾರ ಮನೆಯ ಮೇಲೆ ಹಾದುಹೋಗಬೇಕು ಎಂಬುದನ್ನು ಗಾಳಿಯೇ ತೀರ್ಮಾನಿಸಿತು. ಇವತ್ತಿಗೂ ಬಾಡಿಗೆಯ ದರದಲ್ಲಿ ಆ ಗೆರೆ ಕಾಣುತ್ತದೆ.

ರೋಮನ್ನರ ದಂಡಿನ ಪಾಳೆಯ ವಿಂಡೊಬೋನಾ ಇದ್ದದ್ದು ಈಗಿನ ಊರಿನ ನಟ್ಟನಡುವೆ. ಗ್ರಾಬನ್ ಎಂಬ ಇವತ್ತಿನ ದುಬಾರಿ ಅಂಗಡಿಬೀದಿ ಆ ಪಾಳೆಯದ ಕಂದಕದ ಜಾಗ. ಅದರ ಹತ್ತಿರದ ಟೀಫರ್ ಗ್ರಾಬನ್ ಬೀದಿ ಒಂದು ಕಾಲದ ತೊರೆಯ ಪಾತ್ರ. ಆ ಬೀದಿಯ ಮೇಲೆ ಸೇತುವೆ ಹಾದಿದೆ, ಕೆಳಗೆ ನೀರು ಮಾತ್ರ ಇಲ್ಲ. 1529 ಮತ್ತು 1683ರಲ್ಲಿ ಆಟೊಮನ್ ತುರ್ಕರು ಮುತ್ತಿಗೆ ಹಾಕಿದರು, ಎರಡೂ ಸಲ ಊರು ಉಳಿಯಿತು. ಆ ಭಯದಲ್ಲಿ ಕೋಟೆಯ ಹೊರಗೆ ಗುಂಡು ಹಾರಿಸಲು ಅನುಕೂಲವಾಗಲೆಂದು ಅಗಲವಾದ ಬಯಲನ್ನು ಖಾಲಿ ಬಿಟ್ಟರು. 1857ರ ಡಿಸೆಂಬರಿನಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಕೋಟೆ ಕೆಡವಲು ಅಪ್ಪಣೆ ಕೊಟ್ಟ. ಬಯಲನ್ನು ನಿವೇಶನ ಮಾಡಿ, ತೆರಿಗೆ ವಿನಾಯಿತಿಯ ಆಸೆ ತೋರಿಸಿ ಬ್ಯಾಂಕರುಗಳಿಗೂ ಗಿರಣಿ ಮಾಲೀಕರಿಗೂ ಮಾರಿದರು. ಬಂದ ಹಣ ಪ್ರತ್ಯೇಕ ನಿಧಿಗೆ ಹೋಯಿತು, ಆ ನಿಧಿಯಿಂದ ಒಪೆರಾ, ಮ್ಯೂಸಿಯಂಗಳು ಎದ್ದವು. ನಮ್ಮವರು ಫೋಟೋ ತೆಗೆಸಿಕೊಳ್ಳುವ ರಿಂಗ್‌ಸ್ಟ್ರಾಸೆ ಇದೇ. ಅದರ ಹೊರಗೆ ಇನ್ನೊಂದು ಸುತ್ತು, ಗ್ಯುರ್ಟೆಲ್. ಅಲ್ಲಿ 1704ರ ಹೊರಗೋಡೆಯಿತ್ತು. ಎರಡು ಸುತ್ತು, ನಡುವಿನಿಂದ ಹೊರಟ ದಾರಿಗಳು. ಇಷ್ಟು ತಿಳಿದರೆ ವಿಯೆನ್ನಾದಲ್ಲಿ ದಾರಿ ತಪ್ಪುವುದು ಕಷ್ಟ.

ಮಲ್ಲೇಶ್ವರ, ಬಸವನಗುಡಿಯಲ್ಲಿ ಬೆಳೆದವರಿಗೆ ಇಲ್ಲಿನ ವಿಳಾಸ ಬೇಗ ಹಿಡಿತಕ್ಕೆ ಬರುತ್ತದೆ, ಯಾಕೆಂದರೆ ಮೇನು–ಕ್ರಾಸಿನ ಲೆಕ್ಕ ಇಲ್ಲೂ ಉಂಟು. 1862ರಲ್ಲಿ ಮನೆ ನಂಬರು ಹಾಕಿದಾಗ ನಡುವಿನಿಂದ ಹೊರಗೆ ಹೋಗುವ ಬೀದಿಗಳಿಗೆ ಆಯತಾಕಾರದ ಫಲಕ, ಸುತ್ತು ಹಾಕುವ ಬೀದಿಗಳಿಗೆ ಮೊಟ್ಟೆಯಾಕಾರದ ಫಲಕ ಬಂತು. ಹಳೆಯ ಗೋಡೆಗಳ ಮೇಲೆ ಅಂಥವು ಇನ್ನೂ ಅಲ್ಲಲ್ಲಿ ಸಿಗುತ್ತವೆ. ನಂಬರು ಊರಿನ ನಡುವಿನಿಂದ ಏರುತ್ತದೆ, ಎಡಗಡೆ ಬೆಸ, ಬಲಗಡೆ ಸಮ. ಒಟ್ಟು 23 ಜಿಲ್ಲೆಗಳು. ಪಿನ್‌ಕೋಡಿನ ನಡುವಿನ ಎರಡು ಅಂಕಿಯೇ ಜಿಲ್ಲೆಯ ಸಂಖ್ಯೆ: 1070 ಎಂದರೆ ಏಳನೆಯದು, 1160 ಎಂದರೆ ಹದಿನಾರನೆಯದು. ಬೀದಿಯ ಹೆಸರಿನ ಮುಂದೆ 12/3/14 ಎಂದಿದ್ದರೆ ಹನ್ನೆರಡನೇ ಕಟ್ಟಡ, ಅದರ ಮೂರನೇ ಮೆಟ್ಟಿಲಸಾಲು, ಹದಿನಾಲ್ಕನೇ ಬಾಗಿಲು. ಮೆಟ್ಟಿಲಿನ ಸಂಖ್ಯೆ ಬಿಟ್ಟು ವಿಳಾಸ ಬರೆದರೆ ಪಾರ್ಸೆಲ್ ವಾಪಸ್ ಹೋಗುತ್ತದೆ. ಹೊಸದಾಗಿ ಬಂದವರು ಮಾಡುವ ಮೊದಲ ಎಡವಟ್ಟು ಇದು. ಎರಡನೆಯದು, ಮನೆ ಸೇರಿದ ಮೂರು ದಿನದೊಳಗೆ ವಾಸದ ನೋಂದಣಿ ಮಾಡಿಸದಿರುವುದು. ಆ ಫಾರಂಗೆ ಮನೆ ಕೊಟ್ಟವರ ಸಹಿ ಬೇಕು. ಅದಿಲ್ಲದೆ ಮುಂದಿನ ಕೆಲಸಗಳೆಲ್ಲ ಒಂದೊಂದಾಗಿ ನಿಂತುಹೋಗುತ್ತವೆ.

ಇನ್ನು ನೀರಿನ ವಿಷಯ. ನನ್ನ ಮಟ್ಟಿಗೆ ಈ ಊರಿನ ಅತಿ ದೊಡ್ಡ ಸ್ಮಾರಕ ಅರಮನೆಯಲ್ಲ, ನಲ್ಲಿ.

ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ವಿಯೆನ್ನಾದ ಬಾವಿಗಳಿಗೆ ಕಕ್ಕಸು ಗುಂಡಿಯ ನೀರು ಸೇರುತ್ತಿತ್ತು. ಕಾಲರಾ, ಟೈಫಾಯ್ಡು ಮತ್ತೆಮತ್ತೆ ಬರುತ್ತಿದ್ದವು. ದೂರದ ಬೆಟ್ಟದ ಬುಗ್ಗೆಗಳಿಂದ ನೀರು ತರೋಣ ಎಂದು ಹಟ ಹಿಡಿದವನು ಭೂವಿಜ್ಞಾನಿ ಎಡುವಾರ್ಡ್ ಸ್ಯೂಸ್. ನಮ್ಮ ಪಠ್ಯಪುಸ್ತಕದಲ್ಲಿ ಬರುವ ಗೊಂಡ್ವಾನಾ ಭೂಖಂಡಕ್ಕೆ ಆ ಹೆಸರಿಟ್ಟವನೂ ಇವನೇ. ರಾಕ್ಸ್ ಮತ್ತು ಷ್ನೇಬೆರ್ಗ್ ಬೆಟ್ಟಗಳಿಂದ ಹೊರಟ ಮೊದಲ ಸಾಲು 1873ರ ಅಕ್ಟೋಬರ್ 24ರಂದು ಷ್ವಾರ್ಟ್ಸೆನ್‌ಬೆರ್ಗ್ ಚೌಕದ ಕಾರಂಜಿಯಲ್ಲಿ ಚಿಮ್ಮಿತು. 1910ರಲ್ಲಿ ಎರಡನೆಯ ಸಾಲು ಬಂತು. ಅದು ಹೋಖ್‌ಷ್ವಾಬ್ ಬೆಟ್ಟದಿಂದ, ಸುಮಾರು 180 ಕಿಲೋಮೀಟರ್. ಬುಗ್ಗೆಯಿಂದ ಹೊರಟ ನೀರು ಊರು ಮುಟ್ಟಲು 36 ಗಂಟೆ. ಇಷ್ಟು ದೂರದಲ್ಲಿ ಒಂದೇ ಒಂದು ಪಂಪು ಇಲ್ಲ. ಎತ್ತರದಿಂದ ತಗ್ಗಿಗೆ ತಾನಾಗಿ ಹರಿದು ಬರುತ್ತದೆ. ದಾರಿಯಲ್ಲಿ ಬೀಳುವ ರಭಸ ಹೆಚ್ಚಾದ ಕಡೆ ಟರ್ಬೈನ್ ಕೂರಿಸಿ ಕರೆಂಟು ಬೇರೆ ತೆಗೆಯುತ್ತಾರೆ. ಎರಡೂ ಸೇರಿ ದಿನಕ್ಕೆ 43 ಕೋಟಿ ಲೀಟರ್ ತರಬಲ್ಲವು. ಇಪ್ಪತ್ತು ಲಕ್ಷ ಜನರ ಊರಿಗೆ ದಿನವಹಿ ಬೇಕಾಗುವುದು ಸುಮಾರು 39 ಕೋಟಿ.

ಬೆಂಗಳೂರಿನ ಲೆಕ್ಕ ತಲೆಕೆಳಗು. ಊರು ಇರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಬ್ಬದ ಮೇಲೆ, ಕಾವೇರಿ ಇರುವುದು ನೂರು ಕಿಲೋಮೀಟರ್ ದೂರದ ತಗ್ಗಿನಲ್ಲಿ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಹಂತದಲ್ಲಿ ಹತ್ತಿರ ಹತ್ತಿರ 500 ಮೀಟರ್ ಮೇಲೆತ್ತಬೇಕು. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ಭೌತಶಾಸ್ತ್ರದ ಲೆಕ್ಕದಲ್ಲೇ 1.36 ಯೂನಿಟ್ ಬೇಕು. ಪಂಪು, ಮೋಟರು, ಕೊಳವೆಯ ತಿಕ್ಕಾಟದ ನಷ್ಟ ಸೇರಿಸಿದರೆ ಎರಡು ಯೂನಿಟ್ಟಿನ ಹತ್ತಿರ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಯೋಜನೆಯ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಅಂದರೆ ಆ ಒಂದು ಹಂತವೇ ಇಡೀ ವಿಯೆನ್ನಾ ಬಳಸುವ ನೀರಿನ ಎರಡು ಪಟ್ಟು. ಅದು ಪೂರ್ತಿ ಓಡಿದರೆ ದಿನಕ್ಕೆ ಕನಿಷ್ಠ ಹತ್ತು ಲಕ್ಷ ಯೂನಿಟ್ ಕರೆಂಟು. ಇದನ್ನೆಲ್ಲ ಮರೆತು "ವಿಯೆನ್ನಾದಲ್ಲಿ ನಲ್ಲಿ ನೀರು ಹಾಗೇ ಕುಡೀತಾರೆ, ನಮ್ಮಲ್ಲಿ ಯಾಕಿಲ್ಲ" ಎಂದು ಜಲಮಂಡಳಿಯನ್ನು ಬೈಯುವುದು ಸುಲಭ.

ಹಾಗೆಂದು ವಿಯೆನ್ನಾದವರಿಗೆ ಎಲ್ಲವೂ ಪುಕ್ಕಟೆ ಸಿಕ್ಕಿತು ಎನ್ನುವಂತಿಲ್ಲ. ಆ ಬೆಟ್ಟಗಳು ಸುಣ್ಣಕಲ್ಲಿನವು, ಬಿರುಕು ಬಿರುಕು. ಮೇಲೆ ಬಿದ್ದ ಮಳೆ ಬೇಗನೆ ಬುಗ್ಗೆಗೆ ಇಳಿಯುತ್ತದೆ, ನಡುವೆ ಸೋಸಲು ಮಣ್ಣಿನ ದಪ್ಪ ಪದರವಿಲ್ಲ. ಜೋರು ಮಳೆ ಬಂದಾಗ, ಹಿಮ ಒಮ್ಮೆಲೇ ಕರಗಿದಾಗ ಬುಗ್ಗೆ ಕದಡುತ್ತದೆ. ಆಗ ಆ ಬುಗ್ಗೆಯ ನೀರನ್ನು ಸಾಲಿಗೆ ಬಿಡದೆ ಹೊರಕ್ಕೆ ಹರಿಸಿ, ಲೋಬಾವ್ ಮತ್ತು ಮೋಸ್‌ಬ್ರುನ್‌ನ ಅಂತರ್ಜಲದಿಂದ ಕೊರತೆ ತುಂಬುತ್ತಾರೆ. ಬುಗ್ಗೆಯ ಮೇಲಿನ ಕಾಡು ನೂರು ಕಿಲೋಮೀಟರ್ ಆಚೆ, ಬೇರೆ ರಾಜ್ಯದಲ್ಲಿದ್ದರೂ ವಿಯೆನ್ನಾ ನಗರಸಭೆಯೇ ಅದನ್ನು ಕೊಂಡು ಕಾಯುತ್ತದೆ, 30,000 ಹೆಕ್ಟೇರಿಗೂ ಹೆಚ್ಚು. ಅಲ್ಲಿ ದನ ಮೇಯಿಸುವುದಕ್ಕೆ ಮಿತಿ, ಮರ ಕಡಿಯುವುದಕ್ಕೆ ಮಿತಿ. ಬೆಟ್ಟದ ತುದಿಯ ಚಾರಣಿಗರ ಹೋಟೆಲಿನ ಕೊಳಚೆಯನ್ನೂ ಕೊಳವೆ ಹಾಕಿ ಕೆಳಗಿಳಿಸಿದ್ದಾರೆ. 2001ರಲ್ಲಿ ಈ ನೀರಿನ ರಕ್ಷಣೆಯನ್ನು ನಗರದ ಸಂವಿಧಾನಕ್ಕೇ ಸೇರಿಸಿದರು. ಖಾಸಗಿಯವರಿಗೆ ಮಾರಬೇಕೆಂದರೆ ಮೂರನೇ ಎರಡು ಬಹುಮತ ಬೇಕು.

ಕೊನೆಯ ಹತ್ತು ಮೀಟರಿನಲ್ಲಿ ಕೆಡುವುದೂ ಉಂಟು. ಬೀದಿಯ ಸೀಸದ ಕೊಳವೆಗಳನ್ನು ನಗರಸಭೆ ಬದಲಾಯಿಸಿದೆ, ಆದರೆ ಕಟ್ಟಡದೊಳಗಿನದು ಮಾಲೀಕರ ಪಾಲು. ನೂರು ವರ್ಷ ದಾಟಿದ ಕಟ್ಟಡದಲ್ಲಿ ಮನೆ ಹಿಡಿಯುವವರು ಅಡುಗೆಮನೆಯ ಕೊಳವೆಯನ್ನು ಕೇಳಿ ತಿಳಿದುಕೊಳ್ಳಬೇಕು. ಚಾಕುವಿನಲ್ಲಿ ಕೆರೆದರೆ ಬೆಳ್ಳಗೆ ಹೊಳೆಯುವ, ತಟ್ಟಿದರೆ ಮಂಕು ಸದ್ದು ಕೊಡುವ ಮೆತ್ತನೆ ಲೋಹವಿದ್ದರೆ ಅದು ಸೀಸ. ನೀರು ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ರಾತ್ರಿಯಿಡೀ ನಿಂತ ನೀರನ್ನು ತಣ್ಣಗಾಗುವ ತನಕ ಹರಿಯಬಿಟ್ಟು ಹಿಡಿಯಬೇಕು. ಕೂಸಿಗೆ ಹಾಲಿನ ಪುಡಿ ಕಲಸುವ ಮನೆಯಲ್ಲಿ ಅದೂ ಸಾಲದು, ಬೇರೆ ನೀರೇ ಬೇಕು.

ಹಳೆಯ ಕಟ್ಟಡ ಎಂದೆನಲ್ಲ, ಅಂಥಲ್ಲಿ ಮೆಟ್ಟಿಲು ಹತ್ತುವಾಗ ಮೊಗಸಾಲೆಯ ಗೋಡೆಗೆ ಅಂಟಿದ ಎರಕದ ಕಬ್ಬಿಣದ ಚಿಕ್ಕ ತೊಟ್ಟಿ ನೋಡಿ. ಮೇಲೊಂದು ನಲ್ಲಿ, ಹಿಂದೆ ಹೂಬಳ್ಳಿಯ ಕೆತ್ತನೆಯ ತಗಡು. ಹೆಸರು ಬಸೇನಾ. ಇಡೀ ಮಹಡಿಗೆ ಅದೊಂದೇ ನಲ್ಲಿ, ಕಕ್ಕಸೂ ಮೊಗಸಾಲೆಯಲ್ಲೇ. ಮಹಡಿಯ ಹೆಂಗಸರ ಜಗಳ, ಗುಟ್ಟು, ಸುದ್ದಿ ಎಲ್ಲ ಅಲ್ಲೇ. ಮೈಸೂರು, ಬೆಂಗಳೂರಿನ ವಠಾರದಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ವಿಯೆನ್ನಾದ ಬಹುಪಾಲು ಕೂಲಿಕಾರರು ಹೀಗೇ ಬದುಕಿದ್ದರು. ಹಾಸಿಗೆಯನ್ನು ಮಾತ್ರ ಪಾಳಿಯ ಮೇಲೆ ಬಾಡಿಗೆಗೆ ಹಿಡಿಯುವವರೂ ಇದ್ದರು. ವ್ಯತ್ಯಾಸ ಶುರುವಾಗುವುದು ಆಮೇಲೆ.

1918ರಲ್ಲಿ ಸಾಮ್ರಾಜ್ಯ ಮುರಿಯಿತು. ಐದು ಕೋಟಿ ಜನರ ರಾಜಧಾನಿ ಒಮ್ಮೆಗೇ ಅರವತ್ತೈದು ಲಕ್ಷದ ಸಣ್ಣ ದೇಶದ ರಾಜಧಾನಿಯಾಯಿತು. 1919ರ ಚುನಾವಣೆಯಲ್ಲಿ ಸಮಾಜವಾದಿಗಳು ಗೆದ್ದರು; 1922ರಿಂದ ವಿಯೆನ್ನಾ ಸ್ವತಃ ಒಂದು ರಾಜ್ಯವಾಯಿತು. ಮೇಯರ್ ಎಂದರೆ ಮುಖ್ಯಮಂತ್ರಿಯೂ ಹೌದು, ನಗರಸಭೆ ಎಂದರೆ ವಿಧಾನಸಭೆಯೂ ಹೌದು. ತೆರಿಗೆ ಹಾಕುವ ಹಕ್ಕು ಕೈಗೆ ಬಂದ ಮರುವರ್ಷವೇ, 1923ರಲ್ಲಿ, ಹಣಕಾಸು ನೋಡುತ್ತಿದ್ದ ಹ್ಯೂಗೊ ಬ್ರೈಟ್ನರ್ ವಸತಿ ತೆರಿಗೆ ತಂದ. ಸಣ್ಣ ಮನೆಗೆ ಚಿಲ್ಲರೆ, ದೊಡ್ಡ ಬಂಗಲೆಗೆ ಹೊರೆ: ಒಟ್ಟು ವಸೂಲಿಯಲ್ಲಿ ಸುಮಾರು ಶೇ 45 ಬಂದದ್ದು ಶೇ 0.5ರಷ್ಟಿದ್ದ ಅತಿ ದುಬಾರಿ ಆಸ್ತಿಗಳಿಂದ. ಆ ಹಣದಲ್ಲಿ 1934ರ ಹೊತ್ತಿಗೆ 60,000ಕ್ಕೂ ಹೆಚ್ಚು ಮನೆ ಕಟ್ಟಿದರು. ಮನೆ ಚಿಕ್ಕವು, ಹೆಚ್ಚಿನವು 38 ಇಲ್ಲವೇ 48 ಚದರ ಮೀಟರ್. ಆದರೆ ಪ್ರತಿಯೊಂದರ ಒಳಗೂ ನಲ್ಲಿ, ಒಳಗೇ ಕಕ್ಕಸು, ಕೋಣೆಗೆ ಬೆಳಕು. 1930ರಲ್ಲಿ ಉದ್ಘಾಟನೆಯಾದ ಕಾರ್ಲ್ ಮಾರ್ಕ್ಸ್ ಹೋಫ್ ಒಂದು ಕಿಲೋಮೀಟರಿಗೂ ಉದ್ದ, 1,382 ಮನೆ. ನಿವೇಶನದ ಐದರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಕಟ್ಟಡ, ಉಳಿದದ್ದು ಅಂಗಳ ಮತ್ತು ತೋಟ.

ಆ ಕಾಲದ ಕಟ್ಟಡಗಳ ಮುಖದ ಮೇಲೆ ದೊಡ್ಡ ಕೆಂಪು ಅಕ್ಷರಗಳಿವೆ. ವಸತಿ ತೆರಿಗೆಯ ಹಣದಿಂದ ಇಂಥಿಂಥ ವರ್ಷಗಳಲ್ಲಿ ವಿಯೆನ್ನಾ ನಗರಸಭೆ ಕಟ್ಟಿಸಿದ್ದು ಎಂದು. ಯಾವ ತೆರಿಗೆ ಎಂಬುದು ಗೋಡೆಯ ಮೇಲಿದೆ. ನಮ್ಮೂರಿನ ಬಸ್ ತಂಗುದಾಣದ ಮೇಲೆ ಶಾಸಕರ ಫೋಟೋ, ಅನುದಾನದ ಮೊತ್ತ, ಉದ್ಘಾಟನೆಯ ದಿನಾಂಕ ಇರುತ್ತದೆ; ಹಣ ಯಾರ ಜೇಬಿನದು ಎಂಬುದೊಂದನ್ನು ಬಿಟ್ಟು.

ಇವತ್ತು ನಗರಸಭೆಯ ಕೈಯಲ್ಲಿ ಸುಮಾರು 2,20,000 ಮನೆಗಳಿವೆ. ಸಹಕಾರಿ ಸಂಘಗಳ ಸಬ್ಸಿಡಿ ಮನೆಗಳನ್ನೂ ಸೇರಿಸಿದರೆ ಊರಿನ ಅರ್ಧದಷ್ಟು ಜನ ಇಂಥ ಮನೆಗಳಲ್ಲಿದ್ದಾರೆ. ಇದನ್ನು ಕೇಳಿ ಬೆಂಗಳೂರಿನಿಂದ ಕೆಲಸಕ್ಕೆ ಬರುವ ಹುಡುಗರು ಆಸೆ ಪಡುವುದು ಬೇಡ. ನಗರಸಭೆಯ ಮನೆಗೆ ಅರ್ಜಿ ಹಾಕಲು ಎರಡು ವರ್ಷ ಇಲ್ಲೇ ನೋಂದಾಯಿತ ವಾಸ ಇರಬೇಕು, ಆದಾಯ ಮಿತಿಯೊಳಗಿರಬೇಕು, ಭಾರತದ ಪಾಸ್‌ಪೋರ್ಟಿನವರಿಗೆ ದೀರ್ಘಕಾಲದ ವಾಸದ ಪರವಾನಗಿಯೂ ಬೇಕು. ಅದು ಸಿಗಲು ಐದು ವರ್ಷ. ಅಲ್ಲಿಯವರೆಗೆ ಖಾಸಗಿ ಮನೆಯೇ ಗತಿ, ಅವಧಿಯ ಕರಾರಿನಲ್ಲಿ. ಒಳಗಿರುವವರಿಗೆ ಸೊಗಸು, ಹೊಸಬರಿಗೆ ದುಬಾರಿ. ಈ ಅನ್ಯಾಯವನ್ನು ವಿಯೆನ್ನಾ ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಆದರೂ ಮುಂಗಡ ಸಾಮಾನ್ಯವಾಗಿ ಮೂರು ತಿಂಗಳ ಬಾಡಿಗೆಯಷ್ಟು, ನಮ್ಮ ಹತ್ತು ತಿಂಗಳ ಅಡ್ವಾನ್ಸಿನ ಕಾಟವಿಲ್ಲ. 2023ರ ಜುಲೈಯಿಂದ ಬ್ರೋಕರನ್ನು ಕರೆಸಿದವರೇ ಅವನ ಫೀಸು ಕೊಡಬೇಕು. ಮನೆಯವರು ಕರೆಸಿದ ಬ್ರೋಕರ್ ಬಾಡಿಗೆದಾರನಿಂದ ಹಣ ಕೇಳಿದರೆ ಕೊಡಬೇಕಿಲ್ಲ.

ನೀರು ತರುವುದರಲ್ಲಿ ಜಾಣರಾದ ಇವರು ಊರೊಳಗಿನ ಹಳ್ಳಗಳ ವಿಷಯದಲ್ಲಿ ನಮಗಿಂತ ಒಳ್ಳೆಯವರಾಗಿರಲಿಲ್ಲ. ಪಶ್ಚಿಮದ ಗುಡ್ಡಗಳಿಂದ ಬರುತ್ತಿದ್ದ ತೊರೆಗಳನ್ನೆಲ್ಲ ಹೂತು ಚರಂಡಿ ಮಾಡಿದರು. ವಿಯೆನ್ ಎಂಬ ಹೊಳೆಯ ಕತೆ ನಮ್ಮ ವೃಷಭಾವತಿಯ ಕತೆಯೇ. ಚರ್ಮ ಹದಮಾಡುವವರು, ಬಣ್ಣದವರು, ಮನೆ ಕೊಳಚೆ ಎಲ್ಲ ಅದಕ್ಕೇ. 1831ರ ಕಾಲರಾ ಆದಮೇಲೆ ಹೊಳೆಯ ಎರಡೂ ದಡಕ್ಕೆ ಒಳಚರಂಡಿ ಕಾಲುವೆ ಕಟ್ಟಿ ಕೊಳಚೆಯನ್ನು ಬೇರೆ ಮಾಡಿದರು. ಜನ ಅವನ್ನು ಕಾಲರಾ ಕಾಲುವೆ ಎಂದೇ ಕರೆದರು. ಶತಮಾನದ ಕೊನೆಗೆ ಹೊಳೆಗೆ ಕಲ್ಲುತಳ, ಕಲ್ಲುಗೋಡೆ ಹಾಕಿ ಪಕ್ಕದಲ್ಲೇ ರೈಲು ಓಡಿಸಿದರು. ಅದೇ ಇಂದಿನ ಯು4 ಮೆಟ್ರೊ. ನಾಶ್‌ಮಾರ್ಕ್ಟ್ ಎಂಬ ಹೆಸರಾಂತ ಮಾರುಕಟ್ಟೆ ನಿಂತಿರುವುದು ಮುಚ್ಚಿದ ಹೊಳೆಯ ಮೇಲೆ. ಮಾಮೂಲಿ ದಿನದಲ್ಲಿ ಅದರಲ್ಲಿ ಸೆಕೆಂಡಿಗೆ 200 ಲೀಟರ್ ಹರಿದರೆ ಹೆಚ್ಚು. ಮಹಾಪೂರದಲ್ಲಿ 4,50,000 ಲೀಟರಿಗೆ ಏರಬಲ್ಲದು. ಕಾರಣ, ಮೇಲಿನ ಗುಡ್ಡದ ಕಲ್ಲು ನೀರು ಹೀರುವುದಿಲ್ಲ. ಊರಿನ ಪಶ್ಚಿಮದ ಅಂಚಿನಲ್ಲಿ ಪ್ರವಾಹ ತಡೆದು ನಿಲ್ಲಿಸುವ ಕಟ್ಟೆಗಳ ಸಾಲನ್ನು ಆಗಲೇ ಕಟ್ಟಿಟ್ಟರು. 2024ರ ಸೆಪ್ಟೆಂಬರಿನ ಮಳೆಯಲ್ಲಿ ಹೊಳೆ ರೈಲುಹಾದಿಯ ಮಟ್ಟಕ್ಕೆ ಬಂತು, ಯು4 ಸಾಲಿನ ಒಂದು ಭಾಗ ದಿನಗಟ್ಟಲೆ ನಿಂತಿತು. ಊರು ಮುಳುಗಲಿಲ್ಲ.

ಡ್ಯಾನ್ಯೂಬಿನ ವಿಷಯದಲ್ಲಿ ಇನ್ನೂ ದೊಡ್ಡ ಕೆಲಸ. 1870ರಿಂದ 1875ರವರೆಗೆ ಅಂಕುಡೊಂಕಾದ ನದಿಗೆ ನೇರ ಪಾತ್ರ ತೋಡಿದರು. ಸೂಯೆಜ್ ಕಾಲುವೆ ತೋಡಿದ ಯಂತ್ರಗಳು ಇಲ್ಲಿಗೂ ಬಂದವು. ಆದರೂ 1954ರಲ್ಲಿ ಉಕ್ಕಿತು. ಆಗ ಪಕ್ಕದಲ್ಲೇ 21 ಕಿಲೋಮೀಟರ್ ಉದ್ದದ ಇನ್ನೊಂದು ಪಾತ್ರ ತೋಡಲು ಹೊರಟರು, ಅಗೆದ ಮಣ್ಣನ್ನು ನಡುವೆ ಗುಡ್ಡೆ ಹಾಕಿ ದ್ವೀಪ ಮಾಡಿದರು. 1972ಕ್ಕೆ ಶುರು, 1988ಕ್ಕೆ ಮುಕ್ತಾಯ. ಹೊಸ ಪಾತ್ರದ ಬಾಗಿಲುಗಳು ವರ್ಷದ ಬಹುಪಾಲು ಮುಚ್ಚಿರುತ್ತವೆ, ನೀರು ಕೆರೆಯ ಹಾಗೆ ನಿಂತಿರುತ್ತದೆ, ಜನ ಈಜುತ್ತಾರೆ. ನದಿ ಏರಿದಾಗ ಬಾಗಿಲು ತೆಗೆಯುತ್ತಾರೆ. ಸೆಕೆಂಡಿಗೆ 14,000 ಘನ ಮೀಟರ್ ತಡೆಯುವ ಲೆಕ್ಕದಲ್ಲಿ ಕಟ್ಟಿದ್ದು; 2013ರ ಮಹಾಪೂರದಲ್ಲಿ ಬಂದದ್ದು ಸುಮಾರು 11,000.

ಬೆಂಗಳೂರನ್ನು ಹೋಲಿಸಬೇಕಾದದ್ದು ಇಲ್ಲಿ. ದಿಬ್ಬದ ಮೇಲಿನ ಊರಿಗೆ ನದಿಯಿಲ್ಲ, ಆದರೆ ಇಳಿಜಾರು ಇತ್ತು. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಒಂದು ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆಗೆ ಎನ್ನುವಂತೆ ಸರಪಳಿ ಕಟ್ಟಿದ್ದರು. ಅದಕ್ಕೂ ಪಂಪು ಬೇಕಿರಲಿಲ್ಲ. ವಿಯೆನ್ನಾ ತನ್ನ ಇಳಿಜಾರನ್ನು ಕಾಯಲು ಕಾಡು ಕೊಂಡುಕೊಂಡಿತು. ನಾವು ಧರ್ಮಾಂಬುಧಿ ಕೆರೆಯ ಮೇಲೆ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಮೇಲೆ ಕ್ರೀಡಾಂಗಣ ಕಟ್ಟಿದೆವು, ರಾಜಕಾಲುವೆಯನ್ನು ಒತ್ತರಿಸಿಕೊಂಡೆವು. ಈಗ ಕಣಿವೆಯ ಕೊಳಚೆಯನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದೇವೆ. ಕೆಲಸ ಕೆಟ್ಟದ್ದಲ್ಲ. ಆದರೆ ಮತ್ತೆ ಕರೆಂಟು.

ಇನ್ನು ಮೆಟ್ರೊ, ಟ್ರಾಮು. 2012ರಲ್ಲಿ ವರ್ಷದ ಪಾಸನ್ನು 365 ಯೂರೊಗೆ ಇಳಿಸಿದರು, ದಿನಕ್ಕೊಂದು ಯೂರೊ. ಜಗತ್ತೆಲ್ಲ ಕೊಂಡಾಡಿದ ಆ ದರ 2026ರ ಆರಂಭದಲ್ಲಿ ಗಣನೀಯವಾಗಿ ಏರಿತು, ಅದನ್ನೂ ಹೇಳಬೇಕು. ನಿಲ್ದಾಣದಲ್ಲಿ ಗೇಟಿಲ್ಲ, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ ನೂರು ಯೂರೊ ಮೀರುತ್ತದೆ. ಬೀದಿಯಲ್ಲಿ ಕಾರು ನಿಲ್ಲಿಸುವುದಕ್ಕೆ 2022ರ ಮಾರ್ಚಿನಿಂದ ಹೆಚ್ಚುಕಮ್ಮಿ ಊರಿಡೀ ಶುಲ್ಕ. ಆದರೆ ನಮ್ಮ ಕಡೆ ಯಾರೂ ಮಾತಾಡದ ಬಾಬತ್ತು ಇನ್ನೊಂದಿದೆ. ವಿಯೆನ್ನಾದಲ್ಲಿ ಕೆಲಸಕ್ಕೆ ಜನ ಇಟ್ಟುಕೊಂಡ ಪ್ರತಿ ಸಂಸ್ಥೆಯೂ ಒಬ್ಬೊಬ್ಬ ನೌಕರನಿಗೆ ವಾರಕ್ಕೆ 2 ಯೂರೊ ಮೆಟ್ರೊ ತೆರಿಗೆ ಕಟ್ಟಬೇಕೆಂದು 2012ರಲ್ಲಿ ನಿಗದಿಯಾಯಿತು. ತೆರಿಗೆ ಹುಟ್ಟಿದ್ದು 1970ರಲ್ಲಿ, ಮೆಟ್ರೊದ ಮೊದಲ ಸಾಲು ಓಡುವ ಎಂಟು ವರ್ಷ ಮೊದಲು. ನೌಕರರು ಹೊತ್ತಿಗೆ ಸರಿಯಾಗಿ ಬಂದರೆ ಲಾಭ ಸಂಸ್ಥೆಗೂ ತಾನೆ ಎಂಬುದು ತರ್ಕ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ್ದು ವೃತ್ತಿ ತೆರಿಗೆ, ತಿಂಗಳಿಗೆ 200 ರೂಪಾಯಿ, 2025ರ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಿಗೆ ಮಾತ್ರ 300. ಅದನ್ನು ಕಟ್ಟುವುದು ಕಂಪನಿಯಲ್ಲ, ನೌಕರನ ಸಂಬಳದಿಂದ ಮುರಿಯುವುದು. ಹಣ ಹೋಗುವುದು ರಾಜ್ಯದ ಬೊಕ್ಕಸಕ್ಕೆ, ಊರಿಗಲ್ಲ. ಹೆಚ್ಚಿಸೋಣ ಎಂದರೆ ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500 ರೂಪಾಯಿಯ ಮೇಲೆ ಬಿಡುವುದಿಲ್ಲ, ಆ ಮಿತಿ 1988ರ ತಿದ್ದುಪಡಿಯದ್ದು. ತೆರಿಗೆಯ ಮಾತೆತ್ತಲು ಬೆಂಗಳೂರಿಗೆ ಆರಿಸಿ ಬಂದ ನಗರಸಭೆಯಾದರೂ ಇರಬೇಕಿತ್ತು. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು, ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. ಆಮೇಲೆ ಊರನ್ನು ಐದು ಪಾಲಿಕೆಗಳಾಗಿ ಹಂಚಿದರು. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಆ ಭಾರ ಬಿದ್ದದ್ದು ರೈಲು ಹತ್ತುವವರ ಮೇಲೆ. ಅವರು ದಿನಾ ಹೋಗಿ ಇಳಿಯುವ ಕಚೇರಿಗಳ ಮೇಲೆ ಬಿಡಿಗಾಸಿನಷ್ಟೂ ಬೀಳಲಿಲ್ಲ.